ಕಪ್ಪು ಬ್ಯಾಂಡಿನ ಕೇಳುಗರ ಪರವಾಗಿ ಎರಡು ಮಾತು

ನಮ್ಮ ಮನೆಯಲ್ಲಿ ಶಾಲುಗಳಿಗೆ ಬರವಿಲ್ಲ. ಇದನ್ನು ಕೇಳಿ ನಾನೊಬ್ಬ ದೊಡ್ಡ ಸಾಧಕ ಎಂದು ನೀವು ತಿಳಿದರೆ ಅದು ನಿಮ್ಮ ದೊಡ್ಡತನ. ಸಂಗತಿ ಇಷ್ಟೇ: ಡೊಂಬಿವಲಿ, ಠಾಣೆ, ಕಲ್ಯಾಣ್ ಕಡೆಯ ಕನ್ನಡ ಸಭೆಗಳಲ್ಲಿ ವೇದಿಕೆ ಹತ್ತಿದವರಿಗೆಲ್ಲ ಒಂದು ಶಾಲು ಹೊದಿಸುವುದು ರೂಢಿ. ನಾನೋ, ಇಪ್ಪತ್ತು ವರ್ಷ ಪ್ರತಿ ಸಭೆಯ ಕೊನೆಗೂ ವೇದಿಕೆ ಹತ್ತಿ 'ಪ್ರೇಕ್ಷಕರ ಪರವಾಗಿ ಎರಡು ಮಾತು' ಹೇಳುತ್ತಿದ್ದವನು. ಹಾಗೆ ಬಂದ ಶಾಲುಗಳಲ್ಲಿ ಒಂದು ಈಗ ಮಿಕ್ಸರಿಗೆ ಹೊದಿಕೆ, ಒಂದು ಕಂಪ್ಯೂಟರಿಗೆ, ಇನ್ನೊಂದನ್ನು ಮಡಚಿ ಅಲುಗಾಡುವ ಕಪಾಟಿನ ಕಾಲಡಿಗೆ ಕೊಟ್ಟಿದ್ದೇವೆ.

ಕಳೆದ ವಾರ ನಮ್ಮ ಭಜನಾ ಮಂಡಳಿಯ ಹಳೆಯ ಕೋಣೆಯನ್ನು ಖಾಲಿ ಮಾಡಬೇಕಾಯಿತು. ಆ ಕಟ್ಟಡವನ್ನು ಕೆಡವಿ ಟವರ್ ಎಬ್ಬಿಸುತ್ತಾರಂತೆ. ಸಾಮಾನುಗಳನ್ನು ಸದಸ್ಯರ ಮನೆಗಳಿಗೆ ಹಂಚಿದಾಗ ನನ್ನ ಪಾಲಿಗೆ ಒಂದು ತಗಡಿನ ಟ್ರಂಕು ಬಂತು. ಅದರಲ್ಲಿ ನಾಲ್ಕು ಜೊತೆ ತಾಳ, ಒಂದು ಸರ ಬಣ್ಣದ ಬಲ್ಬು, ಮತ್ತು ಕೆಂಪು ರಟ್ಟಿನ ಅಭಿಪ್ರಾಯ ಪುಸ್ತಕ. ಮಂಡಳಿಯಲ್ಲಿ ಏನೇ ನಡೆದರೂ, ಅದು ನೇತ್ರ ತಪಾಸಣೆಯಾಗಲಿ ವಾರ್ಷಿಕೋತ್ಸವವಾಗಲಿ, ಕೊನೆಗೆ ನಾಲ್ಕು ಜನ ಆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಿತ್ತು. ಪುಟ ತಿರುಗಿಸಿದೆ. 'ಕಾರ್ಯಕ್ರಮ ಬಹಳ ಸೊಗಸಾಗಿ ಮೂಡಿಬಂತು' ಎಂದು ನನ್ನದೇ ಅಕ್ಷರ. ಮುಂದಿನ ಪುಟದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಎಷ್ಟು ಸಲ ಬರೆದಿದ್ದೇನೆಂದು ಎಣಿಸಹೊರಟು ನಾಚಿಕೆಯಾಗಿ ಬಿಟ್ಟೆ. ನೇತ್ರ ತಪಾಸಣೆ ಸೊಗಸಾಗಿ ಮೂಡಿಬರುವುದು ಹೇಗೆ ಎಂದು ಆಗ ಯಾರೂ ಕೇಳಲಿಲ್ಲ.

ಹಾಗೆಯೇ ಮಗುಚುತ್ತ ಹೋದಾಗ ಆ ಎರಡು ಪುಟಗಳು ಸಿಕ್ಕಿದವು. ಮೇಲೆ ನಮ್ಮ ಮಂಡಳಿಯ ಹಿರಿಯರಾದ ಬಾಬಣ್ಣನ ದೊಡ್ಡ ಅಕ್ಷರದಲ್ಲಿ ತಲೆಬರಹ: 'ವಿಲಾಯತಿಯ ಕಪ್ಪು ಬ್ಯಾಂಡಿನ ರೇಡಿಯೊ ಹಾಡುಗಳ ಶ್ರವಣ ಕಾರ್ಯಕ್ರಮ'. ನಾನು ಟ್ರಂಕಿನ ಪಕ್ಕದಲ್ಲೇ ನೆಲಕ್ಕೆ ಕೂತೆ.

ಹೊಗಳುವ ಚಟ ನನಗೆ ಹತ್ತಿದ್ದು ಎಲ್ಲಿಂದ ಎಂದು ಮೊದಲು ಹೇಳಿಬಿಡುತ್ತೇನೆ. ಊರಿನಲ್ಲಿ, ಉಡುಪಿಯ ಹತ್ತಿರ, ನಮ್ಮ ಪಕ್ಕದ ಮನೆಯಲ್ಲಿ ರೇಡಿಯೊ ಇತ್ತು. ಕೇಳುಗರ ಪತ್ರಗಳನ್ನು ಓದುವ ಕಾರ್ಯಕ್ರಮ ಬಂದಾಗ ನಾವು ಮಕ್ಕಳೆಲ್ಲ ಅವರ ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದೆವು. ರೇಡಿಯೊದಲ್ಲಿ ಹೆಸರು ಬಂದವನಿಗೆ ಶಾಲೆಯಲ್ಲಿ ವಾರವಿಡೀ ಮರ್ಯಾದೆ. ನಾನು ಕಾರ್ಡು ಬರೆದೆ: 'ಮೊನ್ನೆಯ ಕೊಳಲು ವಾದನದ ನಡುವೆ ಯಾರೋ ಕೆಮ್ಮಿದರು, ದಯವಿಟ್ಟು ಅವರಿಗೆ ಔಷಧ ಕೊಡಿಸಿ.' ಓದಲಿಲ್ಲ. ಮುಂದಿನ ವಾರ ಬರೆದೆ: 'ಕೊಳಲು ವಾದನ ಬಹಳ ಸೊಗಸಾಗಿತ್ತು.' ಓದಿದರು! ಹನ್ನೊಂದು ವರ್ಷದ ಹುಡುಗನಿಗೆ ಅಷ್ಟು ಪಾಠ ಸಾಕು. ಆಮೇಲೆ ನಾನು ಯಾರ ಕೆಮ್ಮಿನ ಸುದ್ದಿಗೂ ಹೋಗಲಿಲ್ಲ.

ಮುಂಬಯಿಗೆ ಬಂದು, ಠಾಣೆಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕ್ಲರ್ಕಾಗಿ, ಡೊಂಬಿವಲಿ ಪೂರ್ವದಲ್ಲಿ ಒಂದು ಕೋಣೆ ಅಡುಗೆಮನೆ ಮಾಡಿದ ಮೇಲೆ ಈ ಚಟಕ್ಕೆ ದೊಡ್ಡ ಮೈದಾನವೇ ಸಿಕ್ಕಿತು. ಕಾರ್ಯಕ್ರಮ ನಡೆಯುವಾಗ ನಾನು ಕೊನೆಯ ಸಾಲಿನಲ್ಲಿ ಕೂತು ಚೀಟಿಯ ಮೇಲೆ 'ಎರಡು ಮಾತು' ಬರೆದುಕೊಳ್ಳುತ್ತಿದ್ದೆ. ಬರೆಯುವ ಗಡಿಬಿಡಿಯಲ್ಲಿ ಕಾರ್ಯಕ್ರಮ ನೋಡಲು ಪುರುಸೊತ್ತು ಆಗುತ್ತಿರಲಿಲ್ಲ. ಯಾರಿಗೂ ಅದು ಗೊತ್ತಾಗಲಿಲ್ಲ, ಒಬ್ಬಳನ್ನು ಬಿಟ್ಟು.

ಆ ಒಬ್ಬಳು ನನ್ನ ಮಗಳು ನಮಿತಾ. ಒಂಬತ್ತು ವರ್ಷದವಳಿದ್ದಾಗ ವಾರ್ಷಿಕೋತ್ಸವದಲ್ಲಿ ನೃತ್ಯ ಮಾಡುತ್ತ ಸೀರೆಯ ಅಂಚು ತುಳಿದು ಬಿದ್ದಳು. ಬಿದ್ದವಳು ಪರದೆ ಹಿಡಿದಳು, ಪರದೆಯೂ ಬಂತು, ಪರದೆಯ ಹಿಂದೆ ಪೇಟ ಕಟ್ಟಿಸಿಕೊಳ್ಳುತ್ತಿದ್ದ ಮುಖ್ಯ ಅತಿಥಿಗಳೂ ಕಂಡುಬಂದರು. ಹತ್ತು ನಿಮಿಷದ ನಂತರ ನಾನು ಮೈಕು ಹಿಡಿದು, "ಮಕ್ಕಳ ನೃತ್ಯವಂತೂ ಬಹಳ ಸೊಗಸಾಗಿ ಮೂಡಿಬಂತು" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದು, ತರಚಿದ ಮೊಣಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತ ಅವಳು ಮರಾಠಿಯಲ್ಲಿ ಕೇಳಿದಳು: "ಪಪ್ಪಾ, ತುಮ್ಹಿ ಬಘಿತಲಂ ಕಾ?" ನೋಡಿದಿರಾ ಅಂತ. ನೋಡಿದೆ ಮಗಳೇ, ನಿನಗೆ ಬೇಸರವಾಗಬಾರದೆಂದು ಹಾಗೆ ಹೇಳಿದೆ, ಎಂದೆ. ಅದು ಸುಳ್ಳು. ಅಂದಿನಿಂದ ಅವಳು ನನ್ನ ಅಭಿಪ್ರಾಯ ಕೇಳುವುದನ್ನೇ ನಿಲ್ಲಿಸಿದಳು. ಚಿತ್ರ ಬರೆದರೆ ಅಮ್ಮನಿಗೆ ತೋರಿಸುವಳು, ಹೊಸ ಬಟ್ಟೆ ಹಾಕಿದರೆ ಪಕ್ಕದ ಮನೆಗೆ ಹೋಗುವಳು. ನನಗೆ ಇದು ಒಳಗೇ ಕುಟುಕುತ್ತಿತ್ತು.

ಕಾಲೇಜಿಗೆ ಹೋಗತೊಡಗಿದ ಮೇಲೆ ನಮಿತಾ ಕಪ್ಪು ಬಟ್ಟೆಗೆ ಬಿದ್ದಳು. ಕಪ್ಪು ಕುರ್ತಾ, ಕಪ್ಪು ಉಗುರು, ಕಣ್ಣಿನ ಸುತ್ತ ಕಾಡಿಗೆ. ಮೇ ತಿಂಗಳಲ್ಲಿ, ಠಾಣೆ ಲೋಕಲ್‌ನಲ್ಲಿ, ಆ ವೇಷ! ನನ್ನ ಹೆಂಡತಿ ಸುಮತಿ, "ಇದೆಂತ ಅವತಾರ ಮಾರ್ರೆ, ನಾಡಿದ್ದು ಸತ್ಯನಾರಾಯಣ ಪೂಜೆಗೆ ಇವಳನ್ನು ಹೇಗೆ ಕೂರಿಸುವುದು?" ಎಂದು ನನ್ನನ್ನು ಕೇಳುತ್ತಿದ್ದಳು, ಉಗುರಿಗೆ ಬಣ್ಣ ಹಚ್ಚಿದವನು ನಾನೇ ಎಂಬ ಹಾಗೆ. ಮನೆಗೆ ಆಗಷ್ಟೇ ಇಂಟರ್ನೆಟ್ ಬಂದಿತ್ತು. ಅವಳು ಯಾವುದೋ ಇಂಗ್ಲಿಷ್ ಬ್ಯಾಂಡಿನ ಅಭಿಮಾನಿಗಳ ಕೂಟಕ್ಕೆ ಸೇರಿದ್ದಳು. ಬ್ಯಾಂಡಿನ ಹೆಸರು ನನ್ನ ನಾಲಿಗೆಗೆ ಒಗ್ಗಲೇ ಇಲ್ಲ, ಮನೆಯಲ್ಲಿ ಅದು ಕಪ್ಪು ಬ್ಯಾಂಡು ಎಂದೇ ನಡೆಯಿತು. ಸಮಾಧಿ, ಬಾವಲಿ, ಮಂಜು, ಸತ್ತ ಪ್ರೇಯಸಿ, ಇಂಥವುಗಳ ಬಗ್ಗೆಯೇ ಹಾಡುವವರಂತೆ. ಹಾಡುಗಾರನ ದನಿ ಬಾವಿಯೊಳಗೆ ನಿಂತು ಮಾತಾಡಿದ ಹಾಗಿತ್ತು.

ಈ ಬ್ಯಾಂಡು ತನ್ನ ಎಳೆಯ ವಯಸ್ಸಿನಲ್ಲಿ ಐದು ಸಲ ಅಲ್ಲಿಯ ರೇಡಿಯೊಗೆ ಹೋಗಿ, ಪ್ರತಿ ಸಲವೂ ಒಂದೇ ದಿನ ಕೂತು, ತಿದ್ದುಪಡಿ ಇಲ್ಲದೆ ಹಾಡಿ ಬಂದಿತ್ತು. ಆ ಐದು ಧ್ವನಿಮುದ್ರಣಗಳಲ್ಲಿ ಯಾವುದು ಮೇಲು ಎಂದು ಕೂಟದವರು ರಾತ್ರಿ ಹಗಲು ಕಚ್ಚಾಡುತ್ತಿದ್ದರು. ಸುಮತಿಗೆ ಇದು ಹುಚ್ಚಾಗಿ ಕಂಡಿತು, ನನಗೆ ಕಾಣಲಿಲ್ಲ. ನಮ್ಮ ಬಾಬಣ್ಣನ ಮನೆಯಲ್ಲಿ ಒಂದೇ ತಾಳಮದ್ದಲೆ ಪ್ರಸಂಗದ ಏಳು ಕ್ಯಾಸೆಟ್ಟುಗಳಿದ್ದವು, ಬೇರೆ ಬೇರೆ ಊರಿನಲ್ಲಿ ತುಂಬಿಸಿಕೊಂಡದ್ದು. ಪದ್ಯ ಹಾಡುವ ಭಾಗವತರು ಎಲ್ಲಿ ಏರಿದರು, ಎಲ್ಲಿ ಗಂಟಲು ಕೈಕೊಟ್ಟಿತು ಎಂದು ಅವರು ಎಪ್ಪತ್ತರ ವಯಸ್ಸಿನಲ್ಲೂ ಎದುರು ಮನೆಯವರೊಡನೆ ಮಾತು ಬಿಡುವಷ್ಟು ವಾದಿಸುತ್ತಿದ್ದರು.

ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ನಮಿತಾ ಕಂಪ್ಯೂಟರಿನ ಮುಂದೆ ಅಳುತ್ತಿದ್ದಳು. ಕಾಡಿಗೆಯೆಲ್ಲ ಕೆನ್ನೆಗೆ ಇಳಿದು, ಅವಳ ಕೂಟದ ದೃಷ್ಟಿಯಿಂದ ಬಹುಶಃ ಅಂದವಾಗಿಯೇ ಇತ್ತು. ವಿಷಯ ಹೀಗಿತ್ತು. ಕೂಟದವರು ಆ ರೇಡಿಯೊ ಹಾಡುಗಳ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡುವವರಿದ್ದರು. ಪ್ರತಿ ಊರಿನ ಕೇಳುಗರ ಬಳಗ ಒಟ್ಟಿಗೆ ಕೂತು, ಐದನ್ನೂ ಕ್ರಮವಾಗಿ ಕೇಳಿ, ಅಭಿಪ್ರಾಯ ಕಳಿಸಬೇಕು. ಇವಳು ಯಾವತ್ತೋ ಜಂಬದಲ್ಲಿ, ಡೊಂಬಿವಲಿಯಲ್ಲಿ ನಮ್ಮದು ಹನ್ನೊಂದು ಜನರ ಬಳಗ ಎಂದು ಬರೆದುಬಿಟ್ಟಿದ್ದಳು. ಇದ್ದದ್ದು ಇವಳೊಬ್ಬಳೇ.

"ಸುಳ್ಳು ಅಂತ ಸಮಜಲಂ ತರ್ ಖತಂ," ಎಂದಳು, ಗೊತ್ತಾದರೆ ಮುಗಿಯಿತು ಎಂದು. "ಅಲ್ಲಿ ಮಾತ್ರ ಕೋಣಿತರಿ ನನ್ನ ಮಾತು ಐಕತಾತ, ಪಪ್ಪಾ." ಅಲ್ಲಿ ಮಾತ್ರ ಯಾರಾದರೂ ನನ್ನ ಮಾತು ಕೇಳುತ್ತಾರೆ ಎಂದು. ಇದರಲ್ಲಿ ನನಗೂ ಒಂದು ಪೆಟ್ಟಿತ್ತು, ನಾನು ಅದನ್ನು ನುಂಗಿಕೊಂಡೆ.

"ಹನ್ನೊಂದೇ ಅಲ್ವಾ?" ಎಂದೆ. "ಭಾನುವಾರ ನಾಲ್ಕು ಗಂಟೆಗೆ. ಗೋಳಿಬಜೆ, ಚಹಾ ಇಟ್ಟರೆ ಹನ್ನೊಂದು ಎಂತ, ಇಪ್ಪತ್ತು ಜನ ತರ್ತೇನೆ."

ಅವಳು ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. "ಚಾಲೇಲ್. ಆದರೆ ಒಂದು ಕಂಡೀಷನ್. ತುಮ್ಹಿ ಬೋಲೂ ನಕಾ."

ಆಗಬಹುದು, ಆದರೆ ನೀವು ಮಾತಾಡಬಾರದು ಎಂದು. ನಾನು ಒಪ್ಪಿದೆ.

ಭಾನುವಾರ ಮಂಡಳಿಯ ಕೋಣೆಯಲ್ಲಿ ಗೋಳಿಬಜೆಯ ವಾಸನೆ ತುಂಬಿತ್ತು. ನಮ್ಮವರಿಗೆ ಸುಮ್ಮನೆ ಕೂತು ಹಾಡು ಕೇಳಿ ಎದ್ದು ಹೋಗುವುದು ಗೊತ್ತಿಲ್ಲ. ದೀಪ ಹಚ್ಚಬೇಕು, ಗಣಪತಿ ಸ್ತುತಿ ಆಗಬೇಕು, ಸ್ವಾಗತ ಆಗಬೇಕು, ಅಧ್ಯಕ್ಷರು ಬೇಕು. ಎಲ್ಲವೂ ಆಯಿತು. ಹಾಡುಗಳಿದ್ದ ಸಿ.ಡಿ.ಗೆ ಕುಂಕುಮ ಹಚ್ಚಲು ಸುಮತಿ ಹೋದಾಗ ನಮಿತಾ ಕೈ ಹಿಡಿದುಕೊಂಡಳು, ಕುಂಕುಮ ಸಿ.ಡಿ.ಯ ಡಬ್ಬಿಯ ಮೇಲೆ ಬಿತ್ತು. ತಲೆ ಎಣಿಸಿದರೆ ನಮ್ಮನ್ನೂ ಸೇರಿಸಿ ಹತ್ತೇ ಇದ್ದವು. ನಾನು ಹೇಳಿದ ಇಪ್ಪತ್ತು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಟಿಟ್ವಾಳಾ ಗಣಪತಿಗೆ ಹೋಗಿದ್ದರು. ನಮಿತಾಳ ಮುಖ ಸಣ್ಣದಾಯಿತು. ಆಗ ಬಾಬಣ್ಣ ಗೋಡೆಯ ಕಡೆ ಬೊಟ್ಟು ಮಾಡಿದರು. ಅಲ್ಲಿ ಸ್ಥಾಪಕ ಅಧ್ಯಕ್ಷರ ಹಾರ ಹಾಕಿದ ಫೋಟೋ.

"ಅವರು ಎಣಿಕೆಗೆ ಇಲ್ವಾ? ಸತ್ತ ಮೇಲೆ ಒಂದು ಕಾರ್ಯಕ್ರಮವನ್ನೂ ಅವರು ತಪ್ಪಿಸಿದ್ದಿಲ್ಲ ಮಾರಾಯ್ತಿ."

ಹನ್ನೊಂದಾಯಿತು.

ಹಾಡು ಶುರುವಾಯಿತು. ಹಾರ್ಮೋನಿಯಂ ನುಡಿಸುವವರು ಒಂದು ಕ್ಷಣ ಕಿವಿಗೊಟ್ಟು ಶ್ರುತಿ ಹಿಡಿದುಕೊಂಡೇ ಬಿಟ್ಟರು, ಬೇಡವೆಂದರೂ ಮೆಲ್ಲಗೆ ನುಡಿಸುತ್ತಲೇ ಇದ್ದರು. ಮೊದಲ ಹಾಡು ಮುಗಿಯಿತು. ಎಡವಟ್ಟು ಆದದ್ದು ಇಲ್ಲಿ. ನಮ್ಮ ಮಂಡಳಿಯಲ್ಲಿ ಪ್ರತಿ ಶನಿವಾರ ಪಾರಾಯಣ. ತಾಳಮದ್ದಲೆಯ ಕ್ರಮದಲ್ಲೇ ಒಬ್ಬರು ಪದ್ಯ ಹಾಡುತ್ತಾರೆ, ಪದ್ಯ ನಿಂತ ಕೂಡಲೇ ಇನ್ನೊಬ್ಬರು, ಅಂದರೆ ಅರ್ಥಧಾರಿ, ಆ ಪಾತ್ರವೇ ತಾನಾಗಿ ಅದರ ಅರ್ಥವನ್ನು ಮಾತಿನಲ್ಲಿ ಹೇಳುತ್ತಾರೆ. ಬಾಬಣ್ಣ ನಲವತ್ತು ವರ್ಷದಿಂದ ಅರ್ಥಧಾರಿ. ಹಾಡು ನಿಂತಿತು, ಎಲ್ಲರೂ ಅವರ ಮುಖ ನೋಡಿದರು.

"ಇವನಿಗೆ ಅರ್ಥ ಹೇಳುವವರು ಯಾರೂ ಇಲ್ವಾ?" ಎಂದು ಬಾಬಣ್ಣ ನನ್ನನ್ನು ಕೇಳಿದರು. "ಪಾಪ ಮಾರಾಯ, ಒಬ್ಬನೇ ಹಾಡಿಕೊಂಡು ಹೋಗ್ತಾನಲ್ಲ!"

ಕನಿಕರ ತಡೆಯಲಾರದೆ ಗಂಟಲು ಸರಿಮಾಡಿ ಶುರುಮಾಡಿಯೇ ಬಿಟ್ಟರು. ಹಾಡುಗಾರ ರಾಜ್ಯ ಕಳೆದುಕೊಂಡ ರಾಜ, ಈಗ ಕಾಡಿನಲ್ಲಿದ್ದಾನೆ, ಇದು ಅವರ ತೀರ್ಮಾನ. ಇಂಗ್ಲಿಷ್ ಅವರಿಗೆ ಬಾರದು, ದನಿ ಕೇಳಿದರೆ ಸಾಕಂತೆ. "ಅಯ್ಯೋ ವಿಧಿಯೇ! ನಿನ್ನೆಯವರೆಗೆ ಛತ್ರ ಚಾಮರಗಳ ನಡುವೆ ಮೆರೆದ ಈ ದೇಹ, ಇಂದು ಈ ಘೋರಾರಣ್ಯದಲ್ಲಿ..." ಎಂದು ಆರು ನಿಮಿಷ ಹೋಯಿತು. ಎರಡನೇ ಹಾಡಿಗೆ ಅಧ್ಯಕ್ಷರು ಮಂತ್ರಿಯಾಗಿ ಎದುರು ಮಾತಾಡಿದರು. ಮೂರನೇ ಧ್ವನಿಮುದ್ರಣದ ನಡುವೆ ಕರೆಂಟು ಹೋಯಿತು. ಆ ವರ್ಷಗಳಲ್ಲಿ ಅದು ಹೇಳಿ ಕೇಳಿ ಹೋಗುತ್ತಿರಲಿಲ್ಲ. ಬ್ಯಾಂಡು ನಿಂತಿತು, ಬಾಬಣ್ಣ ನಿಲ್ಲಲಿಲ್ಲ. ಹತ್ತು ನಿಮಿಷದ ನಂತರ ಕರೆಂಟು ಬಂದಾಗ ರಾಜ ಇನ್ನೂ ಕಾಡಿನಲ್ಲೇ ಇದ್ದ.

ನಾನು ನಮಿತಾಳನ್ನು ಕದ್ದು ನೋಡಿದೆ. ಅವಳ ಬ್ಯಾಂಡಿಗೆ ನಮ್ಮವರು ಹೀಗೆ ಮಾಡುತ್ತಿದ್ದಾರಲ್ಲ ಎಂದು ನನಗೆ ಅಳುಕು. ಅವಳು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. ನನಗೋ ಮಾಡಲು ಕೆಲಸವಿಲ್ಲ. ಚೀಟಿ ಇಲ್ಲ, ಪೆನ್ನು ಇಲ್ಲ, ಭಾಷಣವಿಲ್ಲ. ಬೇರೆ ದಾರಿ ಇಲ್ಲದೆ ಹಾಡು ಕೇಳಿದೆ.

ಐದೂ ಮುಗಿದ ಮೇಲೆ ಅಭಿಪ್ರಾಯಗಳು. ಅಧ್ಯಕ್ಷರು, "ವಾದ್ಯ ಜೋರಾಯಿತು, ಆದರೆ ಭಕ್ತಿ ಉಂಟು" ಎಂದರು. ಸುಮತಿ, "ಆ ಹುಡುಗ ಸರಿಯಾಗಿ ಊಟ ಮಾಡುವುದಿಲ್ಲ, ಸ್ವರದಲ್ಲೇ ಗೊತ್ತಾಗ್ತದೆ" ಎಂದಳು. ಆಗ ಬಾಗಿಲ ಹತ್ತಿರ ಕೂತಿದ್ದ ಸಿದ್ದಪ್ಪ ಕೈ ಎತ್ತಿದ. ಸಿದ್ದಪ್ಪ ಕಲಬುರಗಿ ಕಡೆಯವನು, ಕಲ್ಯಾಣದ ಗೋದಾಮಿನಲ್ಲಿ ಹಮಾಲಿ. ಕನ್ನಡ ಕಿವಿಗೆ ಬೀಳಲಿ ಎಂದು ಶನಿವಾರ ಠಾಕುರ್ಲಿಯಿಂದ ನಡೆದು ಬರುತ್ತಿದ್ದ, ವರ್ಷಗಟ್ಟಲೆ ಬಂದರೂ ಬಾಯಿ ಬಿಟ್ಟವನಲ್ಲ.

"ಸರ, ನಾ ಒಂದ್ ಮಾತ್ ಹೇಳ್ಲೇನ್ರಿ? ಮೊದಲ್ನೇದ್ರಾಗ ಅಂವ ಖರೇನೇ ಅಂಜ್ಯಾನ್ರಿ. ಕಡೀದ್ರಾಗ ಅಂಜ್ದಂಗ ಮಾಡ್ಲತ್ತಾನ್ರಿ. ದನಿ ಚಲೋ ಆಗ್ಯದ, ಖರೆ. ಆದ್ರ ಅಂಜಿಕಿ ಹೋಗ್ಯದ."

ನಮಿತಾಳ ಪೆನ್ನು ನಿಂತಿತು. ಇಡೀ ಕೂಟ ನಾಲ್ಕು ವರ್ಷದಿಂದ ಪುಟಗಟ್ಟಲೆ ಬರೆದು ಜಗಳಾಡುತ್ತಿದ್ದದ್ದು ಇದನ್ನೇ ಅಂತೆ. ಮನೆಯಲ್ಲಿ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ, ಒಂದೊಂದೇ ಪದ ಹುಡುಕಿಕೊಂಡು ಅವನನ್ನು ಕೇಳಿದಳು: "ಸಿದ್ದಪ್ಪ ಮಾಮಾ... ಇನ್ನೊಂದು ಸಲ... ಹೇಳ್ತೀರಾ? ನಾನು ಬರೆದುಕೊಳ್ಳಬೇಕು."

ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ರೂಢಿ ಬಿಡಬೇಕಲ್ಲ! ಬಾಬಣ್ಣ ಮೈಕನ್ನು ನನ್ನ ಕೈಗೆ ತುರುಕಿದರು. "ಇನ್ನು ಕೇಳುಗರ ಪರವಾಗಿ ನಮ್ಮ ವಾಸು ಎರಡು ಮಾತು." ನಾನು ನಮಿತಾಳ ಕಡೆ ನೋಡಿದೆ. ಅವಳು ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕುತ್ತಿದ್ದಳು. ಮುಂದೆ ಬರುವುದು ಏನೆಂದು ಅವಳಿಗೆ ಬಾಯಿಪಾಠ.

ನನ್ನ ಬಾಯಿ ತಾನಾಗಿಯೇ 'ಬಹಳ' ಎಂದಿತು. ಸೊಗಸು ಬರಲಿಲ್ಲ. ಅಂಗೈ ಬೆವತು ಮೈಕು ಜಾರುತ್ತಿತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಫೋಟೋ ಬೇರೆ.

"ಬಹಳ... ಮೂರನೆಯದು ಚೆನ್ನಾಗಿಲ್ಲ," ಎಂದೆ.

ಆ ಗೋಡೆಗಳು ಇಂಥ ವಾಕ್ಯವನ್ನು ಹಿಂದೆ ಕೇಳಿರಲಿಲ್ಲ.

"ಡ್ರಮ್ಮಿನವನಿಗೆ ಯಾವುದೋ ಗಾಡಿ ಹಿಡಿಯುವ ಅವಸರ. ಹಾಡುವವನಿಗೆ ಶೀತ ಆಗಿದೆ, ನಡುವೆ ಒಂದು ಕಡೆ ಕೆಮ್ಮನ್ನು ನುಂಗಿಕೊಂಡದ್ದು ಕೇಳ್ತದೆ. ಅವತ್ತು ಹಾಡಬಾರದಿತ್ತು. ಎರಡನೆಯದು ನನಗೆ ಹಿಡಿಸಿತು, ಯಾಕೆಂದು ಗೊತ್ತಿಲ್ಲ. ಮತ್ತೆ..." ಇಲ್ಲಿ ನಿಲ್ಲಿಸಬೇಕಿತ್ತು. ಇಪ್ಪತ್ತು ವರ್ಷ ಕಟ್ಟಿಟ್ಟದ್ದು ಅಷ್ಟಕ್ಕೆ ನಿಲ್ಲುತ್ತದೆಯೆ? "ಗೋಳಿಬಜೆಗೆ ಉಪ್ಪು ಕಡಿಮೆ. ಬಾಬಣ್ಣ, ನಿಮ್ಮ ಅರ್ಥ ಉದ್ದವಾಯ್ತು, ಕರೆಂಟು ಹೋದಾಗಲಾದರೂ ರಾಜನನ್ನು ಕಾಡಿನಿಂದ ಕರೆತರಬಹುದಿತ್ತು. ಅಧ್ಯಕ್ಷರಿಗೆ ಮಂತ್ರಿಯ ಪಾತ್ರ ಒಪ್ಪುವುದಿಲ್ಲ. ಮತ್ತೆ, ನಮಿತಾ, ಆ ವಾರ್ಷಿಕೋತ್ಸವದ ದಿವಸ... ನೀನು ಬಿದ್ದದ್ದನ್ನು ನಾನು ನೋಡಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದ್ದು. ನಾನು ಚೀಟಿ ಬರೆಯುತ್ತ ಇದ್ದೆ. ಜನ ಯಾಕೆ ನಗ್ತಾರೆ ಅಂತಲೂ ನನಗೆ ಗೊತ್ತಿರಲಿಲ್ಲ." ಮೈಕನ್ನು ಫೋಟೋದ ಕೆಳಗಿಟ್ಟು ಕೂತೆ.

ಚಪ್ಪಾಳೆ ಬರಲಿಲ್ಲ. ಬಾಬಣ್ಣ ಎದ್ದು ಚಪ್ಪಲಿ ಹಾಕಿಕೊಂಡರು, ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ಶನಿವಾರ ಅರ್ಥ ಹೇಳಿ ಮುಗಿಸಿ ನೇರ ನನ್ನ ಹತ್ತಿರ ಬಂದು, "ಇವತ್ತು ಹೇಗಾಯ್ತಾ?" ಎಂದರು. ಸುಮತಿ ಮಾತ್ರ ಉಪ್ಪಿನ ವಿಷಯವನ್ನು ಇಂದಿಗೂ ಮರೆತಿಲ್ಲ. ವೇದಿಕೆಗೆ ಕರೆ ಬರುವುದು ನಿಂತಿತು, ಶಾಲುಗಳೂ ನಿಂತವು.

ನಮಿತಾ ಅಂದು ರಾತ್ರಿಯೇ ಕಂಪ್ಯೂಟರಿನ ಮುಂದೆ ಕೂತಳು. ಎಲ್ಲರ ಅಭಿಪ್ರಾಯಗಳನ್ನೂ ಇಂಗ್ಲಿಷಿಗೆ ಮಾಡಿ ಕಳಿಸಿದಳು. ಪುಸ್ತಕದಲ್ಲಿ ಡೊಂಬಿವಲಿ ಬಳಗಕ್ಕೆ ಒಂದು ಇಡೀ ಪುಟ ಬಂತು, ಸಿದ್ದಪ್ಪನ ಮಾತು ಅದರ ನೆತ್ತಿಯ ಮೇಲೆ. ಬಳಗದಲ್ಲಿ ಸತ್ತ ಸದಸ್ಯರೊಬ್ಬರಿದ್ದಾರೆ ಎಂದು ತಿಳಿದು ಆ ಕಪ್ಪು ಬಟ್ಟೆಯವರೆಲ್ಲ ಹುಚ್ಚೆದ್ದು ಹೋದರಂತೆ. ಅವರ ಅಭಿಪ್ರಾಯವನ್ನು ಯಾಕೆ ಕಳಿಸಲಿಲ್ಲ ಎಂದು ಪತ್ರದ ಮೇಲೆ ಪತ್ರ.

ಈಗ ಅವಳು ನವಿ ಮುಂಬಯಿಯಲ್ಲಿದ್ದಾಳೆ, ಕಪ್ಪು ಬಣ್ಣ ಉಗುರಿನಿಂದ ಮೊಬೈಲಿನ ಕವರಿಗೆ ಇಳಿದಿದೆ. ಆ ಭಾಷಣದ ಬಗ್ಗೆ ಅವಳು ಅಂದೂ ಮಾತೆತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಲು ಧೈರ್ಯ ಬೇಕಲ್ಲ.

ಅಭಿಪ್ರಾಯ ಪುಸ್ತಕದ ಆ ಎರಡು ಪುಟಗಳನ್ನು ಓದಿ ಮುಗಿಸಿದೆ. ಅಧ್ಯಕ್ಷರ ಸಹಿ, ಸುಮತಿಯ ಸಹಿ, ಸಿದ್ದಪ್ಪನ ಹೆಬ್ಬೆಟ್ಟು. ನಾನು ಅಂದು ಏನೂ ಬರೆಯದೆ ಹೊರಟು ಬಂದಿದ್ದೆ, ಮತ್ತೆ ಆ ಪುಸ್ತಕವನ್ನು ಮುಟ್ಟಿರಲೂ ಇಲ್ಲ. ಕೆಳಗಿನ ಮೂಲೆಯಲ್ಲಿ ಇನ್ನೊಂದು ಅಭಿಪ್ರಾಯವಿತ್ತು. ನಾಗರಿ ಅಕ್ಷರದಲ್ಲಿ, ಆದರೆ ಕನ್ನಡದಲ್ಲಿ. ಕನ್ನಡಕ ಒರೆಸಿಕೊಂಡು ಓದಿದೆ.

'ಪಪ್ಪನ ಭಾಷಣ. ಲೈವ್. ಪಪ್ಪ ಖರೇನೇ ಅಂಜಿದ್ದಾರೆ. ಅಂಜಿದ ಹಾಗೆ ಮಾಡಿದ್ದಲ್ಲ. ಇವರದ್ದು ಇಲ್ಲಿವರೆಗೆ ಕೇಳಿದ್ದರಲ್ಲಿ ಇದೇ ಬೆಸ್ಟ್. ಗೋಳಿಬಜೆ ವಿಷಯ ಬೇಕಿರಲಿಲ್ಲ.'

ಅದೂ ನಿಜವೇ. ಬೇಕಿರಲಿಲ್ಲ.